ಬೆಲ್ಟಿನ ಕೊನೆ

ಅಂಬರೇಶ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಊರಿದ. ತಣ್ಣಗಿತ್ತು. "ನಾ ಬರೋತನಕ ಚಾಲೂ ಮಾಡಬ್ಯಾಡ್ರಿ" ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದ ಮಾತು ನಡೆದಿತ್ತು. ಮೊದಲೇ ಕಾಯಿಸಿಟ್ಟ ಎಂಜಿನ್ನು ತನ್ನ ಬೇನೆ ಮುಚ್ಚಿಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

"ಏನ್ ಭಾವಾರ, ಡಾಕ್ಟರಂಗ ಜ್ವರ ನೋಡಾಕತ್ತೀರಿ?" ಎಂದು ನಗುತ್ತ ಬಂದ ಬಸವಪ್ರಸಾದ. ಅವನ ಕೈಯಲ್ಲಿ ಭತ್ತದ ಚೀಲಕ್ಕೆ ಚುಚ್ಚಿ ಒಳಗಿನ ನೆಲ್ಲು ತೆಗೆದು ನೋಡುವ ಕಬ್ಬಿಣದ ಕೊಳವೆಯಿತ್ತು.

"ಜ್ವರ ಇಲ್ಲ. ಇನ್ನ ಎದಿ ಬಡಿತ ಕೇಳಬೇಕು. ಹಚ್ರಿ ನೋಡೋಣು."

ಮಾನ್ವಿಯ ಈ ಅಕ್ಕಿ ಮಿಲ್ಲಿನ ಮನೆಗೇ ಅಂಬರೇಶನ ತಂಗಿ ಕಾವ್ಯಾಳನ್ನು ಕೊಡುವುದಾಗಿತ್ತು. ಪ್ರಸಾದನೇ ಮದುಮಗ. ಸಕ್ಕರೆ ಹಂಚಿ ನಿಶ್ಚಯವೂ ಮುಗಿದಿತ್ತು. ಆ ದಿನ ಮಾತಿನ ನಡುವೆ, ಪ್ರಸಾದ ತನ್ನ ಟರ್ಬೊ ಕಾರು ಮಾರುವ ವಿಷಯ ಹೊರಬಿದ್ದಿತ್ತು. ದೇವದುರ್ಗದಲ್ಲಿ ಗೊಬ್ಬರದಂಗಡಿ ಇಟ್ಟುಕೊಂಡಿದ್ದ ಅಂಬರೇಶನಿಗೆ ಇಂಥ ಗಾಡಿಯ ಹುಚ್ಚು ಕಾಲೇಜಿನಿಂದಲೂ ಇದ್ದದ್ದು. ಬೆಳಿಗ್ಗೆ ಹೊರಡುವಾಗ ಅಪ್ಪ ಮಾತ್ರ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದ: "ಬೀಗರ ಅಂಗಳದಾಗ ನಿಂತು ತಪ್ಪು ಹುಡುಕಬ್ಯಾಡಲೇ. ಕೀಲಿ ಕೊಟ್ರ ಸುಮ್ನ ತಗೊಂಡು ಬಾ. ಒಂದು ಮಾತು ಹೆಚ್ಚುಕಮ್ಮಿ ಆದ್ರ ಹುಡುಗಿ ಬಾಳೇವಿಗಿ ಬರ್ತದ."

ಎಂಜಿನ್ನು ಒಂದೇ ಸಲಕ್ಕೆ ಹತ್ತಿತು. ಅಂಬರೇಶ ಹಿಂದೆ ಹೋಗಿ ನಿಂತು ಹೊಗೆ ನೋಡಿದ. ನೀಲಿ ಬಣ್ಣ ಇರಲಿಲ್ಲ. ನಾಲ್ಕೂ ಟಾಯರು ಒಂದೇ ಕಂಪನಿಯವು. ಗಾಲಿಯ ಸಂದಿಯಲ್ಲಿ ಬೆರಳು ತೂರಿಸಿ ಬ್ರೇಕಿನ ತಟ್ಟೆಯ ಅಂಚು ಸವರಿದ. ಸವೆದು ಏಣು ಎದ್ದಿರಲಿಲ್ಲ. ಆಮೇಲೆ ಇಬ್ಬರೂ ಕೂತು ರಾಯಚೂರು ರಸ್ತೆಗೆ ಬಂದರು. ಕಾಲುವೆಯ ಬದಿ, ನೆಲ್ಲಿನ ಗದ್ದೆಗಳ ನಡುವೆ ರಸ್ತೆ ಖಾಲಿ ಸಿಕ್ಕ ಕಡೆ ಕಾಲು ಒತ್ತಿದಾಗ ಗಾಡಿ ಅವನ ಬೆನ್ನನ್ನು ಸೀಟಿಗೆ ಅಂಟಿಸಿಬಿಟ್ಟಿತು. ಜೋರಾಗಿ ಬ್ರೇಕು ಹಾಕಿ, ಸ್ಟೇರಿಂಗಿನ ಹಿಡಿತ ಸಡಿಲಿಸಿದ. ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಅಂಬರೇಶನಿಗೆ ನಗು ತಡೆಯಲಾಗಲಿಲ್ಲ. ಮನಸ್ಸು ಆಗಲೇ ಕಾರನ್ನು ದೇವದುರ್ಗದ ಅಂಗಡಿ ಮುಂದೆ ಒಯ್ದು ನಿಲ್ಲಿಸಿತ್ತು.

ಮಿಲ್ಲಿಗೆ ತಿರುಗಿ ಬಂದ ಮೇಲೆ ಪ್ರಸಾದ ಕೀಲಿ ಮುಂದೆ ಚಾಚಿದ. "ಇನ್ನ ಏನ್ ಉಳೀತ್ರಿ?"

"ಇದೊಂದು ನೋಡಿಬಿಡ್ತೀನಿ" ಎಂದ ಅಂಬರೇಶ ಡ್ರೈವರ್ ಸೀಟಿನ ಬೆಲ್ಟು ಹಿಡಿದು ಎಳೆಯತೊಡಗಿದ. ಸೊಂಟಕ್ಕೆ ಬೇಕಾದಷ್ಟು ಬಂದ ಮೇಲೂ ಬಿಡಲಿಲ್ಲ.

"ಹಗ್ಗ ಹೊಸೀತೀರೇನ್ರಿ ಅದರಾಗ?"

"ನೀವು ಚೀಲದ ತಳಕ್ಕ ಚುಚ್ಚಿ ನೋಡ್ತೀರಲ್ಲ, ಹಂಗ. ಮ್ಯಾಲಿನ ನೆಲ್ಲು ಎಲ್ಲಾರ್ದೂ ಚೊಲೊನ ಇರ್ತದ."

ಕೊನೆಯ ಗೇಣು ಹೊರಬಂದಾಗ ಕರಿಯ ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅಡ್ಡಕ್ಕೆ ನೀರಿನ ಕಲೆ. ಉಗುರಿನಿಂದ ಕೆರೆದರೆ ನುಣ್ಣನೆಯ ಒಣ ರಾಡಿ ಬೆರಳಿಗೆ ಹತ್ತಿತು. ಸೀಟು ತೊಳೆದಿದ್ದರು, ಕೆಳಗಿನ ಹಾಸು ಹೊಸದು ಹಾಕಿಸಿದ್ದರು. ಬಾಗಿಲ ಪಕ್ಕದ ಕಂಬದೊಳಗೆ ಸುತ್ತಿಕೊಂಡು ಕೂತ ಬೆಲ್ಟಿನ ಕೊನೆ ಯಾರ ನೆನಪಿಗೂ ಬಂದಿರಲಿಲ್ಲ.

"ಕಾಲುವಿ ನೀರು ಎಲ್ಲಿತನಕ ಬಂದಿತ್ರೀ?" ಅಂಬರೇಶ ಮೆಲ್ಲಗೆ ಕೇಳಿದ.

ಪ್ರಸಾದನ ಮುಖದ ನಗು ಹೋಯಿತು. ಅವನು ತನ್ನ ಅಪ್ಪ ಕೂತಿದ್ದ ಆಫೀಸಿನ ಕಡೆ ನೋಡಿದ. "ಸೀಟಿನ ಮಟ್ಟ... ತಿರುವಿನಾಗ ಕಾಲುವಿಗಿ ಜಾರಿತ್ರಿ. ಟ್ರ್ಯಾಕ್ಟರ್ ಹಚ್ಚಿ ಎಳಿಸಿದ್ವಿ. ಎಲ್ಲಾ ಬಿಚ್ಚಿ ಒಣಗಿಸೇವಿ. ಈಗೇನೂ ತ್ರಾಸಿಲ್ಲ, ನೀವ ನೋಡಿದ್ರಲ್ಲ?"

"ಇವತ್ತಿನ ಮಾತಲ್ಲರೀ ಅದು. ವಾಯರಿನಾಗ ಹಸಿ ಕುಂತ್ರ ಯಾವಾಗ ಏನು ಕೆಡ್ತದೋ ಯಾರಿಗಿ ಗೊತ್ತು. ನೂರಾ ನಲವತ್ತರಾಗ ಹೋಗೋ ಗಾಡಿ ಇದು. ಬ್ರೇಕ್ ಆವಾಗ ಕೈ ಕೊಟ್ರ? ಒಂದು ಮಾತು ಹೇಳಬಾರದೇನ್ರಿ?"

"ಅಪ್ಪ ಅಂದ್ರು, ಕೇಳಿದ್ರ ಹೇಳು, ಕೇಳದಿದ್ರ ಬಾಯಿ ಬಿಡಬ್ಯಾಡ ಅಂತ."

"ನೀವೇನಂದ್ರಿ ಅವರಿಗಿ?"

ಪ್ರಸಾದ ಕಾಲಡಿ ಚೆಲ್ಲಿದ್ದ ನೆಲ್ಲನ್ನು ಚಪ್ಪಲಿಯಿಂದ ಒಂದು ಕಡೆ ಕೂಡಿಸುತ್ತ ನಿಂತ. ಆಮೇಲೆ, "ಗಾಡಿ ಬಿಡ್ರಿ ಭಾವಾರ. ಕಾವ್ಯಾಗ ಮಾತ್ರ ಹೇಳಬ್ಯಾಡ್ರಿ" ಎಂದ.

ಅಂಬರೇಶ ಬೆಲ್ಟು ಕೈಬಿಟ್ಟ. ಚೀಲದಲ್ಲಿ ಹಸಿ ನೆಲ್ಲು ಸಿಕ್ಕರೆ ಇದೇ ಅಂಗಳದಲ್ಲಿ ಅಣ್ಣತಮ್ಮಂದಿರ ಚೀಲವನ್ನೂ ವಾಪಸು ಕಳಿಸುತ್ತಾರೆ, ಯಾರೂ ಮುನಿಸಿಕೊಳ್ಳುವುದಿಲ್ಲ. ಇದನ್ನು ಹಾಗೆ ವಾಪಸು ಕಳಿಸುವುದು ಹೇಗೆ? ಹೇಳಿದರೆ ಹಂಚಿದ ಸಕ್ಕರೆ ಕಹಿಯಾಗುತ್ತದೆ. ಹೇಳದೆ ಮನೆಗೆ ಹೋದರೆ, ಮುಚ್ಚಿಟ್ಟವರಲ್ಲಿ ಇವರ ಜೊತೆಗೆ ತಾನೂ ಒಬ್ಬ.

ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು. ಕಾವ್ಯಾ. ಅಂಬರೇಶ ಸ್ಪೀಕರ್ ಹಚ್ಚಿದ.

"ಯಣ್ಣಾ, ಗಾಡಿ ಹೆಂಗದ? ಪಸಂದ್ ಆತಿಲ್ಲೋ? ಅವರನ್ನ ಭಾಳ ಕಾಡಸಬ್ಯಾಡ ಮತ್ತ."

ಅಂಬರೇಶ ಫೋನನ್ನು ಪ್ರಸಾದನ ಮುಂದೆ ಹಿಡಿದ. "ನೀವ ಹೇಳ್ರಿ."

ಪ್ರಸಾದ ಒಮ್ಮೆ ಫೋನು ನೋಡಿದ, ಒಮ್ಮೆ ಅಂಬರೇಶನ ಮುಖ ನೋಡಿದ. ಕೈ ಚಾಚಿ ತೆಗೆದುಕೊಂಡ. "ಯಣ್ಣಾ? ಯಾಕ ಮಾತಾಡವಲ್ಲಿ?" ಎಂದು ಕಾವ್ಯಾ ಕೇಳುತ್ತಿದ್ದಂತೆಯೇ ಹೆಬ್ಬೆರಳಿನಿಂದ ಸ್ಪೀಕರ್ ಬಂದ್ ಮಾಡಿ, ಫೋನು ಕಿವಿಗೆ ಒತ್ತಿಕೊಂಡು ಚೀಲಗಳ ಆಚೆ ನಡೆದುಹೋದ. ಮಿಲ್ಲಿನ ಸದ್ದಿನಲ್ಲಿ ಅಂಬರೇಶನಿಗೆ ಅವನ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು.