ಹದಿನಾರು ಪಾಯಿಂಟ್ ಏಳು

ಶ್ರಾವಣ ಹಿಡಿದು ನಾಲ್ಕನೇ ದಿನ... ಬೆಳಗಿನ ಎಂಟೂವರೆ ಇರಬಹುದು. ಹೊರಗೆ ಜಿಟಿಜಿಟಿ ಮಳೆ.

ಗದಗ ಕಡೆಯ ಒಂದು ಡಿಗ್ರಿ ಕಾಲೇಜು. ಅಲ್ಲಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ದಾವಲಸಾಬರು.

ಓದಿದ್ದು ನಾಲ್ಕನೇ ಇಯತ್ತೆ. ಆದರೆ ಇಪ್ಪತ್ತಾರು ವರ್ಷದಿಂದ ಹುಡುಗರ ಪ್ರಾಕ್ಟಿಕಲ್‌ಗೆ ಸಲ್ಯೂಷನ್ ಮಾಡಿಡುವುದು ಅವರದೇ ಕೆಲಸ.

ದಾವಲಸಾಬರ ಅಳತೆಯನ್ನು ಕಣ್ಣು ಮುಚ್ಚಿ ನಂಬಬಹುದು ಅಂತ ಲೆಕ್ಚರರ್ ಅಂಗಡಿ ಸರ್ ಹೊಸಬರಿಗೆಲ್ಲ ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಇವರ ಎದೆ ಒಂದು ಗೇಣು ಉಬ್ಬುತ್ತಿತ್ತು.

ಆ ವರ್ಷ ಕ್ಲಾಸಿನಲ್ಲಿ ಅರವತ್ತು ಮಂದಿ. ಮಾಡಿಟ್ಟ ಹತ್ತು ಲೀಟರ್ ಆಸಿಡ್ ಸಾಲುವಂತಿರಲಿಲ್ಲ. ಮತ್ತೆ ಅಳೆದು ಮಾಡೋಣವೆಂದರೆ ಬೆಲ್ ಹೊಡೆಯುವ ಹೊತ್ತಾಗಿತ್ತು...

ಮನೆಗೆ ಬೀಗರು ಹೆಚ್ಚಿಗೆ ಬಂದಾಗ ಸಾರಿಗೆ ನೀರು ಬೆರೆಸುವುದಿಲ್ಲವೇ, ಹಾಗೆ ಎರಡು ಜಗ್ ನೀರು ಸುರಿದುಬಿಟ್ಟರು.

ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯ ಅವರಿಗೆ. ಯಾಕೆಂದರೆ ಆ ಲ್ಯಾಬಿನಲ್ಲಿ ಉತ್ತರ ಮೊದಲೇ ಬಂದು ಕೂತಿರುತ್ತಿತ್ತು... ಹಿಂದಿನ ವರ್ಷದವರ ರೆಕಾರ್ಡ್ ಬುಕ್ಕಿನಲ್ಲಿ.

ಬಣ್ಣ ತಿರುಗಿಸಲು ಆಸಿಡ್‌ಗೆ ಬಿಡಬೇಕಾದ ಕ್ಷಾರ ಇಪ್ಪತ್ತು ಎಂ.ಎಲ್. ಹುಡುಗರು ಕೊಳವೆಯಿಂದ ನಾಲ್ಕು ಹನಿ ಬಿಟ್ಟ ಹಾಗೆ ಮಾಡಿ, ಇಪ್ಪತ್ತು ಅಂತ ಬರೆದು, ಸಹಿ ಹಾಕಿಸಿಕೊಂಡು ಕ್ಯಾಂಟೀನಿಗೆ ನಡೆದುಬಿಡುವರು.

ಒಬ್ಬಳನ್ನು ಬಿಟ್ಟು...

ಕಸ್ತೂರಿ ಹೂಗಾರ. ಬಸ್ ಸ್ಟ್ಯಾಂಡ್ ಎದುರು ಹೂ ಕಟ್ಟಿ ಮಾರುವವರ ಮಗಳು. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಕೂಸು.

ಯಾರೂ ಹೇಳದಿದ್ದರೂ ಎಲ್ಲರಿಗಿಂತ ಮೊದಲು ಬರುವಳು. ನೀರಿನಂತಿದ್ದ ಆಸಿಡ್ ಒಂದೇ ಹನಿಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದಲ್ಲ, ಆ ಹನಿಗಾಗಿ ಉಸಿರು ಬಿಗಿಹಿಡಿದು ಕಾಯುವಳು. ಅವಳನ್ನು ನೋಡುವುದೇ ದಾವಲಸಾಬರಿಗೊಂದು ಹಿಗ್ಗು.

ನೀರು ಬೆರೆತ ಆಸಿಡ್‌ಗೆ ಕ್ಷಾರ ಕಡಿಮೆಯೇ ಸಾಕು... ಆವತ್ತು ಅವಳಿಗೆ ಬಂದದ್ದು ಹದಿನಾರು ಪಾಯಿಂಟ್ ಏಳು.

ತೊಳೆದಳು. ಮತ್ತೆ ಮಾಡಿದಳು. ಅದೇ ಬಂತು... ಹೀಗೆ ಏಳು ಸಲ.

"ಏ ವಿಜ್ಞಾನಿ, ಇಪ್ಪತ್ತು ಬರದು ಬಾರೇ, ಅಲ್ಲಿ ಚಾ ಆರಾಕತ್ತೈತಿ" ಎಂದು ಗೆಳತಿ ಕಿಚಾಯಿಸಿದಳು.

ಅಂಗಡಿ ಸರ್ ಕೆಟ್ಟವರಲ್ಲ. ಆದರೆ ಐವತ್ತೊಂಬತ್ತು ಬುಕ್ಕಿಗೆ ಸಹಿ ಹಾಕಿ ಅವರ ಕೈ ಸೋತಿತ್ತು.

"ಐವತ್ತೊಂಬತ್ತು ಮಂದಿಗೆ ಇಪ್ಪತ್ತು ಬಂದೈತಿ, ನಿನಗೊಬ್ಬಾಕಿಗೆ ಹದಿನಾರು. ನಿನ್ನ ಕೈನ ಸರಿ ಇಲ್ಲ. ಇಪ್ಪತ್ತು ಬರದು ಸಹಿ ಮಾಡಿಸ್ಕೊ" ಎಂದರು.

ಎಲ್ಲರೂ ನಕ್ಕರು.

ಅವಳು ಸೀದಾ ದಾವಲಸಾಬರ ಹತ್ತಿರ ಬಂದಳು. "ಕಾಕಾ, ನೀವರ ಖರೇ ಹೇಳ್ರಿ. ಸಲ್ಯೂಷನ್ನಿನಾಗ ಏನರ ಫರಕ ಆಗೈತೇನ್ರಿ?"

ಸರ್ ಅಲ್ಲೇ ನಿಂತಿದ್ದರು. ಇಪ್ಪತ್ತಾರು ವರ್ಷದ ಹೆಸರು ನಾಲಗೆಗೆ ಅಡ್ಡ ಬಂತು...

"ಇಲ್ಲವಾ. ಯಾವಾಗ್ಲೂ ಮಾಡ್ದಂಗ ಮಾಡೇನಿ" ಎಂದುಬಿಟ್ಟರು.

ಅವಳು ಹಾಳೆ ಹರಿದಳು. ಇಪ್ಪತ್ತು ಬರೆದಳು. ಸರ್ ಕೆಂಪು ಪೆನ್ನಿನಲ್ಲಿ ಗುಡ್ ಎಂದು ಬರೆದುಕೊಟ್ಟರು.

ಅಂದಿನಿಂದ ಕಸ್ತೂರಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಲ್ಲರ ಜೊತೆ ಬರುವಳು, ಹಳೇ ರೆಕಾರ್ಡ್ ನೋಡಿ ಬರೆಯುವಳು, ಎಲ್ಲರ ಜೊತೆ ಹೋಗುವಳು. ಆಮೇಲೆ ಆಮೇಲೆ ಬರುವುದೂ ಕಡಿಮೆಯಾಯಿತು.

ದಾವಲಸಾಬರಿಗೆ ಊಟ ಸೇರುತ್ತಿರಲಿಲ್ಲ. ನಾಳೆ ಹೇಳಿದರಾಯಿತು... ನಾಳೆ ಹೇಳಿದರಾಯಿತು... ಎನ್ನುತ್ತ ದಸರಾ ಕಳೆಯಿತು, ದೀಪಾವಳಿಯೂ ಕಳೆಯಿತು.

ಒಂದು ಗುರುವಾರ ಕಸ್ತೂರಿ ತಾನೇ ಲ್ಯಾಬಿಗೆ ಬಂದಳು. ಕೈಯಲ್ಲಿ ನೋ ಡ್ಯೂ ಫಾರಂ. ಲ್ಯಾಬಿನ ಸಾಮಾನು ಏನೂ ಬಾಕಿ ಇಲ್ಲ ಅಂತ ಸಹಿ ಆದರೆ ಆಫೀಸಿನಲ್ಲಿ ಟಿ.ಸಿ. ಕೊಡುತ್ತಾರೆ.

ಹುಬ್ಬಳ್ಳಿಗೆ ಅಕ್ಕನ ಮನೆಗೆ ಹೋಗಿ ಹೊಲಿಗೆ ಕಲಿಯುತ್ತಾಳಂತೆ. ಸೈನ್ಸು ತನ್ನ ಕೈಗೆ ಹತ್ತುವುದಿಲ್ಲವೆಂದು ಅಪ್ಪನಿಗೆ ತಾನೇ ಹೇಳಿದಳಂತೆ.

ದಾವಲಸಾಬರು ಪೆನ್ನು ಕೆಳಗಿಟ್ಟರು. ಸಹಿ ಮಾಡಲಾಗಲಿಲ್ಲ.

"ಆವತ್ತ ನಾ ನೀರ ಹಾಕಿದ್ದೆ, ಮಗಳ... ನಿಂದ ಬರೋಬ್ಬರಿ ಇತ್ತು. ಅರವತ್ತು ಮಂದ್ಯಾಗ ನಿಂದೊಂದ ಬರೋಬ್ಬರಿ ಇತ್ತು."

ಕಸ್ತೂರಿ ತನ್ನ ಅಂಗೈಯನ್ನೇ ತಿರುವಿ ತಿರುವಿ ನೋಡಿಕೊಂಡಳು.

"ಹಂಗಾರ ನನ್ನ ಕೈ ಸರಿ ಇತ್ತೇನ್ರಿ, ಕಾಕಾ?"

ಅವರು ಅಳುತ್ತ ಹೌದೆಂದು ತಲೆಯಾಡಿಸಿದರು. ನಡಿ, ಈಗಲೇ ಪ್ರಿನ್ಸಿಪಾಲರ ಮುಂದೆ ಹೇಳುತ್ತೇನೆ, ಟಿ.ಸಿ. ಬೇಡವೆನ್ನೋಣ ಎಂದು ಅಂಗಲಾಚಿದರು.

"ಈಗ ಬ್ಯಾಡ್ರಿ. ಆ ಇಪ್ಪತ್ತು ಬರದಾಗಿಂದ ನಾ ಏನ ನೋಡಿದ್ರೂ ಮೊದ್ಲ ಮಂದಿ ಮಾರಿ ನೋಡ್ತೀನಿ. ಬಣ್ಣ ತಿರಗಿದ್ರೂ ನನಗ ಖಾತ್ರಿ ಆಗಂಗಿಲ್ರಿ, ಕಾಕಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ದಾವಲಸಾಬರು ತಡೆದುಕೊಳ್ಳುತ್ತಿದ್ದರೇನೋ...

ಸಹಿ ಮಾಡಿಕೊಟ್ಟರು. ಕಾಲು ಮುಟ್ಟಿ ನಮಸ್ಕರಿಸಿ ಹೋದಳು.

ಅಂಗಡಿ ಸರ್ ಬಂದಮೇಲೆ ಎಲ್ಲವನ್ನೂ ಹೇಳಿದರು. ಸರ್ ಆವತ್ತಿನ ರೆಕಾರ್ಡ್ ಬುಕ್ಕುಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಎಲ್ಲದರಲ್ಲೂ ಇಪ್ಪತ್ತು. ಎಲ್ಲದರ ಕೆಳಗೂ ಅವರದೇ ಸಹಿ.

ಕೊನೆಗೆ ಆ ಹುಡುಗಿ ಎಲ್ಲಿ ಎಂದು ಕೇಳಿದರು.

ದೀಪಾವಳಿ ಮುಗಿದ ಎರಡನೇ ಗುರುವಾರ, ಅರವತ್ತು ಮಂದಿಯ ಆ ಕ್ಲಾಸಿನಿಂದ, ಕಸ್ತೂರಿ ಹೂಗಾರ ಹೊರಟುಹೋಗಿದ್ದಳು.

*

ಮಕ್ಕಳ ಉತ್ತರ ತಿದ್ದುವ ಮೊದಲು, ಅವರು ಕಣ್ಣಾರೆ ಕಂಡದ್ದೇನು ಅಂತ ಒಮ್ಮೆ ಕೂತು ಕೇಳಿ.

ನಿಮ್ಮ ಮನೆಯ ಮಗು ಕೊನೆಯ ಸಲ "ಯಾಕೆ?" ಅಂತ ಕೇಳಿದ್ದು ಯಾವಾಗ... ಆಗ ನೀವು ಏನು ಹೇಳಿದಿರಿ?