ಟಾರ್ಪಿಯವರ ಸುಟ್ಟ ದಿಬ್ಬ

ಮ್ಯಾಲಕಿ ಟಾರ್ಪಿ ಬೀಸಿದ ಗುದ್ದಲಿ ಪುರಾತತ್ವಜ್ಞೆ ಗ್ರೋನ್ಯಾಳ ತೋಳನ್ನು ಸೀಳಿತು. ಇನ್ನೊಮ್ಮೆ ಎತ್ತುವಷ್ಟರಲ್ಲಿ ಪೊಲೀಸ್ ಸಾರ್ಜೆಂಟ್ ಅವನ ಮೇಲೆ ಬಿದ್ದು, ಕತ್ತು ಹಿಡಿದು, ಮುಖವನ್ನು ಕೆಸರಿಗೆ ಒತ್ತಿದ.

"ಆ ಮೂಲೆ ಒಂದು ಬಿಡಿ ಅಂದೆನಲ್ಲ," ಮ್ಯಾಲಕಿ ಕೆಸರು ಉಗುಳಿದ.

"ಅಲ್ಲೇ ಇದಾನೆ ನನ್ನ ಫಿಂಟನ್," ಎಂದಳು ಅವನ ತಾಯಿ ಹನೋರಾ. "ಅಗೀಮ್ಮ. ನಾನು ಸಾಯೋದ್ರೊಳಗೆ ಅವನನ್ನ ಚರ್ಚಿನ ಮಣ್ಣಿಗೆ ಸೇರಿಸ್ಬೇಕು."

ಎಂಬತ್ತೆಂಟರ ಮುದುಕಿ ಅಗೆತದ ಮೊದಲ ದಿನದಿಂದ ಈ ದಿಬ್ಬದ ಬಳಿಯೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಹಿರಿಮಗ ಫಿಂಟನ್ ಕಾಣೆಯಾಗಿ ಮೂವತ್ತು ವರ್ಷ. ಅಣ್ಣತಮ್ಮಂದಿರು ಹೊಲಕ್ಕಾಗಿ ಹೊಡೆದಾಡಿದ್ದು ಎಲ್ಲರಿಗೂ ಗೊತ್ತಿತ್ತು. ಊರಿನವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ, ಮ್ಯಾಲಕಿಯ ಮುಂಗೋಪವೇ ಸಾಕಿತ್ತು. ಅಂದಿನಿಂದ ಹನೋರಾ ಅವನು ಮಾಡಿಕೊಟ್ಟ ಚಹಾ ಕುಡಿಯುತ್ತಾಳೆ, ಅವನ ಮುಖ ಮಾತ್ರ ನೋಡುವುದಿಲ್ಲ.

ಐರ್ಲೆಂಡಿನ ತುಂಬ ಇಂಥ ದಿಬ್ಬಗಳಿವೆ. ಮೂರು ಸಾವಿರ ವರ್ಷಗಳ ಹಿಂದೆ ಜನ ಕಲ್ಲು ಕಾಯಿಸಿ ತೊಟ್ಟಿಯ ನೀರಿಗೆ ಹಾಕಿ ಕುದಿಸುತ್ತಿದ್ದರು, ಒಡೆದ ಕಲ್ಲುಗಳನ್ನು ಪಕ್ಕಕ್ಕೆ ಸುರಿಯುತ್ತಿದ್ದರು. ಈಗ ಇದರ ಮೇಲೆ ರಸ್ತೆ ಬರುವುದಿತ್ತು. ಅದಕ್ಕೇ ಗ್ರೋನ್ಯಾಳ ಉತ್ಖನನ. ದಿಬ್ಬವೆಲ್ಲ ಇದ್ದಿಲಿನ ಕಪ್ಪು. ಆ ಮೂಲೆಯಲ್ಲಿ ಮಾತ್ರ ತಳದ ಹಳದಿ ಜೇಡಿಮಣ್ಣು ಮೇಲೆದ್ದು ಕಪ್ಪಿನೊಂದಿಗೆ ಕಲೆಸಿಹೋಗಿತ್ತು. ಆರಡಿ ಉದ್ದ, ಎರಡಡಿ ಅಗಲ. ಯಾರೋ ಅಗೆದು ಮುಚ್ಚಿದ ಗುರುತು.

ಗ್ರೋನ್ಯಾ ತೋಳಿಗೆ ಬಟ್ಟೆ ಬಿಗಿದು ಕರಣೆ ಹಿಡಿದಳು. ನಾಲ್ಕಡಿ ಆಳದಲ್ಲಿ ಸಿಕ್ಕಿದ್ದು ಎರಡೇ ಹಲ್ಲು, ಬೇರುಸಹಿತ.

"ನನ್ನ ಮಗನ ಹಲ್ಲು," ಎಂದಳು ಹನೋರಾ. ಎದ್ದುಬಂದು ಊರುಗೋಲಿನಿಂದ ಮ್ಯಾಲಕಿಯ ಹಣೆಗೆ ಬಾರಿಸಿದಳು. ರಕ್ತ ಕಣ್ಣಿಗಿಳಿಯಿತು. ಮತ್ತೆ ಬಾರಿಸಿದಳು. ಸಾರ್ಜೆಂಟ್ ತಡೆಯಲಿಲ್ಲ. "ಬಾಯಿ ಬಿಡೋ. ಕೊಂದೆ ಅಂತ ಹೇಳೋ."

ಮ್ಯಾಲಕಿ ಆ ಹಲ್ಲುಗಳನ್ನು ನೋಡಿದ, ತಾಯಿಯನ್ನು ನೋಡಿದ. "ಹೂಂ ಅಮ್ಮ. ನಾನೇ ಕೊಂದೆ."

ಮೂವತ್ತು ವರ್ಷಗಳ ಮೇಲೆ ಅವಳು ಅವನ ಮುಖವನ್ನು ನೇರವಾಗಿ ನೋಡಿದಳು. ನೋಡಿ ಉಗಿದಳು.

ಸಾರ್ಜೆಂಟ್ ಅವನಿಗೆ ಕೈಕೋಳ ತೊಡಿಸಿ ಜೀಪಿಗೆ ತಳ್ಳಿದ. ಗ್ರೋನ್ಯಾಳ ಮನಸ್ಸು ಒಪ್ಪಲಿಲ್ಲ.

"ಉಳಿದ ದೇಹ ಎಲ್ಲಿ, ಸಾರ್ಜೆಂಟ್?"

"ಮಣ್ಣು ತಿಂದಿರುತ್ತೆ."

"ಬೆಲ್ಟಿನ ಹಿತ್ತಾಳೆ ಬಕಲನ್ನೂ ತಿನ್ನುತ್ತಾ?"

"ಅವನೇ ಒಪ್ಕೊಂಡ್ನಲ್ಲ, ಇನ್ನೇನ್ರೀ ಬೇಕು?"

ಅವಳು ಹಲ್ಲುಗಳನ್ನು ಹಿಡಿದುಕೊಂಡೇ ಜೀಪಿನ ಬಳಿ ಹೋದಳು. ಮ್ಯಾಲಕಿ ತಾಯಿ ದೂರದಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡ. ಕೋಳ ತೊಟ್ಟ ಕೈಗಳಿಂದ ಬಾಯೊಳಗಿನ ಕಟ್ಟಿಸಿದ ಹಲ್ಲುಗಳನ್ನು ಕಳಚಿದ. ಮೇಲಿನ ಸಾಲಿನಲ್ಲಿ ಎರಡು ಹಲ್ಲಿನಷ್ಟು ಜಾಗ ಖಾಲಿಯಿತ್ತು.

"ಹೊಂಡ ತೋಡಿದ್ದು ಫಿಂಟನ್, ಬಡಿದು ಅದರೊಳಗೆ ಕೆಡವಿದ್ದು ನನ್ನನ್ನ; ಸತ್ತೆ ಅಂದ್ಕೊಂಡು ಓಡಿಹೋದ, ನಾನೇ ಎದ್ದುಬಂದು ಮುಚ್ಚಿದೆ... ಅಮ್ಮನಿಗೆ ಮಾತ್ರ ಹೇಳ್ಬೇಡಿ."