ಪೂಜೆಗಿಟ್ಟ ಗ್ಲವ್

ಹರಳೆಣ್ಣೆಯ ವಾಸನೆ ತಾಗಿದೊಡನೆ, ಕ್ಯಾಲಿಫೋರ್ನಿಯಾದ ಹೇವರ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಳೆದ ಒಂದು ಮಹಾನವಮಿಯ ಮಧ್ಯಾಹ್ನ ಇಂದಿಗೂ ನನ್ನ ಕಣ್ಣ ಮುಂದೆ ನಿಲ್ಲುತ್ತದೆ.

ಎಂಬತ್ತರ ದಶಕವದು. ಬೇಸ್‌ಬಾಲಿನಲ್ಲಿ ಚೆಂಡೆಸೆಯುತ್ತಿದ್ದ ಅಣ್ಣನನ್ನು ಮೈನರ್ ಲೀಗ್‌ನ ವೃತ್ತಿಪರ ತಂಡವೊಂದು ಆಡಲು ಕರೆದಿತ್ತು. ಹೋಗುವುದಾದರೆ ಅವನು ಕಾಲೇಜು ಬಿಡಬೇಕಿತ್ತು. ಅಮ್ಮನಿಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ಅಪ್ಪ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ.

ಅಂದು ಆಯುಧಪೂಜೆಗೆ ಅಪ್ಪ ಮಡಿಯುಟ್ಟು, ತಮ್ಮ ಸ್ಕ್ರೂಡ್ರೈವರುಗಳನ್ನೂ ಅಮ್ಮನ ಹೊಲಿಗೆಯಂತ್ರವನ್ನೂ ಅಣಿಗೊಳಿಸಿದರು. ಬಳಿಕ ಅಣ್ಣ ಚೆಂಡು ಹಿಡಿಯಲು ತೊಡುವ ತೊಗಲಿನ ಗ್ಲವ್ ತಂದು, ಅದರ ಬಿರುಕುಗಳಿಗೆ ಹರಳೆಣ್ಣೆ ತಿಕ್ಕಿ, ದೇವರ ಮುಂದಿಟ್ಟು ಕುಂಕುಮ ಹಚ್ಚಿದರು.

"ದನದ ಚರ್ಮ, ದೇವರ ಮುಂದೆ?" ಎಂದಳು ಅಮ್ಮ.

"ಮೃದಂಗಕ್ಕೆ ಮತ್ಯಾವ ಚರ್ಮ ಕಣೇ?"

ಅಷ್ಟರಲ್ಲಿ ಅಣ್ಣ ಬಂದು ಗ್ಲವ್‌ಗೆ ಕೈಚಾಚಿದ. "ಡ್ಯಾಡ್, ಪ್ರಾಕ್ಟೀಸ್ ಇದೆ. ಐ ನೀಡ್ ಇಟ್."

"ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಟೋ ಹಾಗಿಲ್ಲ. ನಡಿ, ನೀನು ಎಸಿ, ನಾನು ಹಿಡೀತೀನಿ."

ಹಿಂದಿನ ಪಾರ್ಕಿಂಗಿನಲ್ಲಿ ಅಪ್ಪ ಪಂಚೆಯನ್ನು ಮೇಲಕ್ಕೆ ಕಟ್ಟಿ, ಬರಿಗೈ ಒಡ್ಡಿ ನಿಂತರು.

"ಮೆಲ್ಲಗೆ ಎಸೀಲಾ?" ಎಂದ ಅಣ್ಣ.

"ಲೀಗ್‌ಗೆ ಹೋಗಿ ಮೆಲ್ಲಗೆ ಎಸೀತೀಯೇನೋ?"

ನಾನು ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದೆ. ಚೆಂಡು ಅಂಗೈಗೆ ಬಡಿದಾಗಲೆಲ್ಲ ಅಪ್ಪ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿದ್ದರು.

ಸಂಜೆ ಅಮ್ಮ ಹಿಡಿದ ಮಂಗಳಾರತಿಗೆ ಚಾಚಿದ ಅಪ್ಪನ ಅಂಗೈಗಳು ಕೆಂಪಗೆ ಊದಿದ್ದವು. ಅಮ್ಮ ಬಹಳ ಹೊತ್ತು ಅವನ್ನೇ ನೋಡಿದಳು. ಆರತಿಯ ತಟ್ಟೆಯನ್ನು ಕೆಳಗಿಟ್ಟು, ಗ್ಲವ್‌ನ ಪಕ್ಕದಲ್ಲಿ ಉಳಿದಿದ್ದ ಹರಳೆಣ್ಣೆಯನ್ನು ತೆಗೆದುಕೊಂಡು ಆ ಅಂಗೈಗಳಿಗೆ ಮೆಲ್ಲನೆ ಸವರಿದಳು.